ಒಳ್ಳೆಯದು ಮಾಡಲು ಬಂದವರು: ಐದು ಕಾದಂಬರಿಗಳಲ್ಲಿ ಯಾವುದನ್ನು ಆರಿಸುವುದು?

ಯುದ್ಧ ನಡೆಯುತ್ತಿರುವ ದೇಶಕ್ಕೆ ಹೊರಗಿನವನೊಬ್ಬ ಬರುತ್ತಾನೆ. ಕೆಟ್ಟವನೇನಲ್ಲ. ಅಲ್ಲಿನ ಜನಕ್ಕೆ ಏನಾದರೂ ಉಪಕಾರ ಮಾಡಬೇಕು ಅಂತಲೇ ಬಂದಿರುತ್ತಾನೆ. ಅವನು ಹೊರಡುವ ಹೊತ್ತಿಗೆ ಒಂದಿಷ್ಟು ಜನ ಸತ್ತಿರುತ್ತಾರೆ. ಅವನು ಬಾರದೇ ಇದ್ದಿದ್ದರೆ ಅವರು ಬದುಕಿರುತ್ತಿದ್ದರು. ಇಂಗ್ಲಿಷ್ ಕಾದಂಬರಿಕಾರರು ಈ ಕತೆಯನ್ನು ಮತ್ತೆ ಮತ್ತೆ ಬರೆದಿದ್ದಾರೆ, ಚೆನ್ನಾಗಿಯೂ ಬರೆದಿದ್ದಾರೆ.

ಮಡಿಕೇರಿಯಲ್ಲಿ ನಾವು ಕೆಲವರು ಸೇರಿ ಓದುತ್ತೇವೆ. ಈ ಮಳೆಗಾಲಕ್ಕೆ ಇಂಥದ್ದೊಂದು ಕಾದಂಬರಿ ಇರಲಿ ಅಂತ ತೀರ್ಮಾನವಾಯಿತು. ಯಾವುದು ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಐದು ಹೆಸರು ಬಂದವು. ಐದನ್ನೂ ಓದಿದವಳು ನಾನೊಬ್ಬಳೇ ಆದ್ದರಿಂದ ಹೋಲಿಸಿ ಬರೆದು ಕೊಡುವ ಕೆಲಸ ನನ್ನ ತಲೆಗೆ ಬಿತ್ತು.

ಪುಟ ಎಷ್ಟು, ಇಂಗ್ಲಿಷ್ ಎಷ್ಟು ಕಷ್ಟ ಅನ್ನುವುದನ್ನೂ ಹೇಳುತ್ತೇನೆ. ನಮ್ಮ ಕಡೆ ಅದು ಮುಖ್ಯ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದ ಮೇಲೆ ಐನೂರು ಪುಟದ ಪುಸ್ತಕ ಕೈಗೆ ಕೊಟ್ಟರೆ ಯಾರು ಓದುತ್ತಾರೆ? ಜೋರು ಮಳೆಯಲ್ಲಿ, ನಾಟಿ ಕೆಲಸ ಇಲ್ಲದ ಮನೆಯಲ್ಲಿ, ಎಷ್ಟು ದಪ್ಪದ್ದಾದರೂ ನಡೆಯುತ್ತದೆ. ಕರೆಂಟು ಇರಬೇಕು, ಅಷ್ಟೇ.

ಆದರೆ ನಾನು ಮುಖ್ಯವಾಗಿ ನೋಡುವುದು ಬೇರೆ. ಕತೆಯನ್ನು ಯಾರು ಹೇಳುತ್ತಿದ್ದಾರೆ? ಓದುವಾಗ ನಾವು ಯಾರ ಪಕ್ಕ ಕೂತಿರುತ್ತೇವೆ? ಪರದೇಶದವರ ದಡ್ಡತನ ನೋಡಿ ತಲೆ ಅಲ್ಲಾಡಿಸಿ ಪುಸ್ತಕ ಮುಚ್ಚುವುದು ಸುಲಭ. ಅಷ್ಟು ಸುಲಭವಾಗಿ ಮುಚ್ಚಲು ಬಿಡದ ಪುಸ್ತಕ ಯಾವುದು ಅಂತ ನಾನು ಹುಡುಕುತ್ತಿದ್ದೆ. ಅಂದಹಾಗೆ, ಕೊನೆ ಗೊತ್ತಾದರೆ ಓದುವುದಿಲ್ಲ ಎನ್ನುವವರು ಮುಂದಿನದನ್ನು ಹಾರಿಸಿ ಓದಿ. ಕೆಲವು ಕಡೆ ಕೊನೆಯನ್ನು ಹೇಳದೆ ಹೋಲಿಸಲು ಆಗುವುದಿಲ್ಲ.

ದಿ ಕ್ವಯಟ್ ಅಮೆರಿಕನ್

ಗ್ರಹಾಂ ಗ್ರೀನ್ 1951 ಮತ್ತು 1954ರ ನಡುವೆ ಪತ್ರಕರ್ತರಾಗಿ ಇಂಡೋಚೀನಾಕ್ಕೆ ಹಲವು ಸಲ ಹೋಗಿದ್ದರು. ಪುಸ್ತಕ ಬಂದದ್ದು 1955ರಲ್ಲಿ. ಕತೆಯ ಕಾಲಕ್ಕೆ ಫ್ರೆಂಚರು ವಿಯೆಟ್ನಾಂನಲ್ಲಿ ಸೋಲುತ್ತಿದ್ದಾರೆ, ಅಮೆರಿಕದ ಪಡೆ ಇನ್ನೂ ಇಳಿದಿಲ್ಲ. ನಮ್ಮವರಿಗೆ ಇವತ್ತು ವಿಯೆಟ್ನಾಂ ಅಂದರೆ ಮೊದಲು ನೆನಪಾಗುವುದು ರೋಬಸ್ಟಾ ಕಾಫಿಯ ರೇಟು. ಅಲ್ಲಿ ಬೆಳೆ ಜಾಸ್ತಿಯಾದರೆ ಇಲ್ಲಿ ಮುಖ ಸಣ್ಣದಾಗುತ್ತದೆ. ಆ ದೇಶದ ಹಿಂದಿನ ಕತೆ ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದು ಕಷ್ಟ.

ಆಲ್ಡನ್ ಪೈಲ್ ಎಂಬ ಅಮೆರಿಕದ ಹುಡುಗ ಆರ್ಥಿಕ ನೆರವಿನ ಕಚೇರಿಯ ಹೆಸರಿನಲ್ಲಿ ಸೈಗಾನ್‌ಗೆ ಬರುತ್ತಾನೆ. ಯಾರ್ಕ್ ಹಾರ್ಡಿಂಗ್ ಎಂಬ ಲೇಖಕನ ಪುಸ್ತಕಗಳನ್ನು ಓದಿ ತಲೆ ತುಂಬಿಸಿಕೊಂಡಿದ್ದಾನೆ. (ಈ ಲೇಖಕನನ್ನು ಗ್ರೀನ್ ಹುಟ್ಟಿಸಿದ್ದು, ಅಂಗಡಿಯಲ್ಲಿ ಕೇಳಬೇಡಿ.) ಫ್ರೆಂಚರೂ ಬೇಡ, ಕಮ್ಯುನಿಸ್ಟರೂ ಬೇಡ, ಮೂರನೆಯ ಶಕ್ತಿಯೊಂದು ಎದ್ದು ಬರಬೇಕು ಎಂಬುದು ಆ ಪುಸ್ತಕಗಳ ವಾದ. ಪೈಲ್ ಆ ಶಕ್ತಿಯನ್ನು ಜನರಲ್ ತೇ ಎಂಬ ಸೇನಾನಿಯಲ್ಲಿ ಕಾಣುತ್ತಾನೆ, ಸ್ಫೋಟಕ ಒದಗಿಸುತ್ತಾನೆ. ಜನರಲ್ ತೇ ಗ್ರೀನ್ ಕಲ್ಪಿಸಿದ ವ್ಯಕ್ತಿಯಲ್ಲ, ನಿಜವಾಗಿ ಇದ್ದವನು. 1952ರ ಜನವರಿಯಲ್ಲಿ ಸೈಗಾನ್‌ನ ಚೌಕದಲ್ಲಿ ಬಾಂಬ್ ಸಿಡಿದು ಜನ ಸತ್ತದ್ದೂ ನಿಜ.

ಕಾದಂಬರಿಯ ಬಾಂಬ್ ದೃಶ್ಯವನ್ನು ಒಮ್ಮೆ ಓದಿದರೆ ಮರೆಯುವುದಿಲ್ಲ. ಅಂದು ಮಿಲಿಟರಿ ಪೆರೇಡ್ ಇರಬೇಕಿತ್ತು, ಅದು ರದ್ದಾಗಿದೆ. ಬಾಂಬ್ ರದ್ದಾಗಿಲ್ಲ. ಪೇಟೆಗೆ ಬಂದ ಹೆಂಗಸರು, ಮಕ್ಕಳು ಸಾಯುತ್ತಾರೆ. ಆ ಹೊತ್ತಿಗೆ ಅಲ್ಲಿರಬೇಡಿ ಎಂದು ಇಬ್ಬರು ಅಮೆರಿಕನ್ ಹುಡುಗಿಯರಿಗೆ ಮಾತ್ರ ಮೊದಲೇ ಎಚ್ಚರಿಕೆ ಹೋಗಿರುತ್ತದೆ. ಪೈಲ್ ಬಂದು ನಿಂತು ತನ್ನ ಶೂ ನೋಡಿಕೊಳ್ಳುತ್ತಾನೆ. ರಕ್ತ ಅಂಟಿದೆ. ದೊಡ್ಡವರನ್ನು ಭೇಟಿಯಾಗುವ ಮೊದಲು ಇದನ್ನು ಒರೆಸಬೇಕು ಎನ್ನುವುದು ಅವನ ಚಿಂತೆ. ಅವನು ಕ್ರೂರಿ ಅನ್ನಿಸುವುದೇ ಇಲ್ಲ, ಅದೇ ಭಯ ಹುಟ್ಟಿಸುವುದು. ಲೆಕ್ಕ ಸ್ವಲ್ಪ ತಪ್ಪಿತು, ಮುಂದಿನ ಸಲ ಸರಿಯಾಗುತ್ತದೆ ಎಂಬ ಮುಖ ಅವನದು.

ಕತೆ ಹೇಳುವವನು ಫೌಲರ್, ಬ್ರಿಟಿಷ್ ಪತ್ರಕರ್ತ. ನಾನು ಯಾರ ಪಕ್ಷವೂ ಅಲ್ಲ, ಬರೀ ವರದಿ ಮಾಡುವವನು ಎನ್ನುತ್ತಾನೆ. ಪೈಲ್ ಸತ್ತಿದ್ದಾನೆ ಎಂದು ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ, ಆದ್ದರಿಂದ ಇದನ್ನು ಹೇಳಿದರೆ ರಹಸ್ಯ ಒಡೆದಂತಲ್ಲ. ಆ ಸಾವಿನಲ್ಲಿ ಫೌಲರ್‌ನ ಕೈ ಎಷ್ಟು, ಅದು ಸತ್ತ ಮಕ್ಕಳಿಗಾಗಿಯೋ, ತನ್ನ ಜೊತೆಗಿದ್ದ ಫುವಾಂಗ್ ಎಂಬ ಹುಡುಗಿಯನ್ನು ಪೈಲ್ ಕರೆದುಕೊಂಡು ಹೋದ ಹೊಟ್ಟೆಕಿಚ್ಚಿಗಾಗಿಯೋ? ಗ್ರೀನ್ ಇದನ್ನು ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ.

ಐದರಲ್ಲಿ ಕುಸುರಿ ಕೆಲಸ ಅಂದರೆ ಇದೇ. ಸುಮಾರು ಇನ್ನೂರು ಪುಟ, ವಾಕ್ಯಗಳೂ ಚಿಕ್ಕವು, ಕೊಯ್ಲಿನ ಕಾಲದಲ್ಲೂ ಓದಬಹುದು. ನನ್ನ ತಕರಾರು ಒಂದೇ. ಫುವಾಂಗ್ ಕತೆಯ ಉದ್ದಕ್ಕೂ ಇರುತ್ತಾಳೆ, ಅವಳ ಮನಸ್ಸಿನೊಳಗೆ ನಮಗೆ ಪ್ರವೇಶವಿಲ್ಲ. ಇಬ್ಬರು ಬಿಳಿಯರು ಅವಳಿಗೆ ಏನು ಒಳ್ಳೆಯದು ಎಂದು ವಾದ ಮಾಡುತ್ತಾರೆ, ಅವಳು ಅಫೀಮಿನ ಪೈಪು ಸಿದ್ಧಮಾಡಿ ಕೊಡುತ್ತಾಳೆ. ಓದುವ ನಾವೂ ಫೌಲರ್ ಜೊತೆ ಕೂತು ಪೈಲ್‌ನನ್ನು ನೋಡಿ ನಗುತ್ತೇವೆ. ಆ ಕುರ್ಚಿ ತುಂಬಾ ಆರಾಮಾಗಿದೆ.

ಸಿನಿಮಾ ನೋಡುವವರು 2002ರದ್ದನ್ನು ನೋಡಿ, ಮೈಕಲ್ ಕೇನ್ ಫೌಲರ್ ಆಗಿದ್ದಾರೆ. 1958ರ ಸಿನಿಮಾದಲ್ಲಿ ತಪ್ಪನ್ನೆಲ್ಲ ಕಮ್ಯುನಿಸ್ಟರ ಮೇಲೆ ಹಾಕಿ ಅಮೆರಿಕದವನನ್ನು ಒಳ್ಳೆಯವನನ್ನಾಗಿ ಮಾಡಿಬಿಟ್ಟರು. ಗ್ರೀನ್‌ಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ದಿ ಅಗ್ಲಿ ಅಮೆರಿಕನ್

ಲೆಡರರ್ ಮತ್ತು ಬರ್ಡಿಕ್ ಬರೆದದ್ದು, 1958. ಸಾರ್ಖಾನ್ ಎಂಬ ಇಲ್ಲದ ದೇಶವೊಂದನ್ನು ಕಲ್ಪಿಸಿಕೊಂಡು ಬಿಡಿ ಬಿಡಿ ಕತೆಗಳನ್ನು ಹೊಲಿದಿದ್ದಾರೆ. ರಾಯಭಾರ ಕಚೇರಿಯ ದೊಡ್ಡವರಿಗೆ ಅಲ್ಲಿನ ಭಾಷೆ ಬರುವುದಿಲ್ಲ, ಜನರ ಮನೆ ಬಾಗಿಲಿಗೆ ಹೋಗುವುದಿಲ್ಲ, ಕಮ್ಯುನಿಸ್ಟರು ಗೆಲ್ಲುತ್ತಾರೆ. ಮಜಾ ಅಂದರೆ ಹೆಸರಿನಲ್ಲಿರುವ ಕುರೂಪಿ ಅಮೆರಿಕನ್ ಒಳ್ಳೆಯವನು. ಸೈಕಲ್ ತುಳಿದು ನೀರೆತ್ತುವ ಪಂಪು ಮಾಡುವ ಇಂಜಿನಿಯರ್ ಅವನು.

ಈ ಪುಸ್ತಕ ಅಮೆರಿಕದಲ್ಲಿ ದೊಡ್ಡ ಸದ್ದು ಮಾಡಿತು. ಕೆನಡಿ ಇನ್ನೂ ಸೆನೆಟರ್ ಆಗಿದ್ದಾಗ ಕೆಲವರ ಜೊತೆ ಸೇರಿ ಸೆನೆಟ್ ಸದಸ್ಯರಿಗೆಲ್ಲ ಇದರ ಪ್ರತಿ ಕಳಿಸಿದ್ದರು. ಅವರೇ ಅಧ್ಯಕ್ಷರಾದ ಮೇಲೆ 1961ರಲ್ಲಿ ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ಪೀಸ್ ಕೋರ್ ಶುರುವಾಯಿತು. ಇತಿಹಾಸಕ್ಕೆ ಬೇಕಾದ ಪುಸ್ತಕ, ಸರಿ. ಕಾದಂಬರಿಯಾಗಿ ಸಪ್ಪೆ. ಒಳ್ಳೆಯ ಹೊರಗಿನವರನ್ನು ಆರಿಸಿ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಇದು ನಂಬುತ್ತದೆ. ಪೈಲ್ ಇದನ್ನು ಓದಿದ್ದರೆ ಖುಷಿಪಡುತ್ತಿದ್ದ.

ದಿ ಪಾಯ್ಸನ್‌ವುಡ್ ಬೈಬಲ್

ತೋಟದವರಿಗೆ, ಗದ್ದೆಯವರಿಗೆ ನಾನು ಕೊಡುವ ಪುಸ್ತಕ ಇದು. ಬಾರ್ಬರಾ ಕಿಂಗ್‌ಸಾಲ್ವರ್ ಬರೆದದ್ದು, 1998ರಲ್ಲಿ ಬಂತು. ನೇಥನ್ ಪ್ರೈಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1959ರಲ್ಲಿ ಹೆಂಡತಿ, ನಾಲ್ಕು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಜಾರ್ಜಿಯಾದಿಂದ ಬೆಲ್ಜಿಯನ್ ಕಾಂಗೋದ ಹಳ್ಳಿಯೊಂದಕ್ಕೆ ಬರುತ್ತಾನೆ. ಮರುವರ್ಷ ಜೂನ್ 30ಕ್ಕೆ ಕಾಂಗೋಗೆ ಸ್ವಾತಂತ್ರ್ಯ. ಅದಾಗಿ ಕೆಲವೇ ದಿನದಲ್ಲಿ ಸೈನ್ಯದಲ್ಲಿ ದಂಗೆ, ಕಟಾಂಗ ಪ್ರಾಂತ ಬೇರೆಯಾಗುವುದು. ವರ್ಷದ ಕೊನೆಗೆ ಪ್ರಧಾನಿಯಾಗಿದ್ದ ಲುಮುಂಬಾ ಬಂಧನ. 1961ರ ಜನವರಿಯಲ್ಲಿ ಲುಮುಂಬಾ ಕೊಲೆ. ಅವರನ್ನು ಮುಗಿಸಲು ಸಿಐಎ ಸಂಚು ಮಾಡಿತ್ತು ಎಂಬುದನ್ನು 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಹೊರಗೆ ತಂದಿತು.

ದೊಡ್ಡ ರಾಜಕೀಯವನ್ನು ಕಿಂಗ್‌ಸಾಲ್ವರ್ ಒಂದು ತರಕಾರಿ ಹಿತ್ತಲಲ್ಲಿ ತೋರಿಸುತ್ತಾರೆ. ನೇಥನ್ ತನ್ನೂರಿನ ಬೀಜ ತಂದಿದ್ದಾನೆ. ಹಳ್ಳಿಯ ಜನಕ್ಕೆ ಬೇಸಾಯ ಕಲಿಸುವ ಉಮೇದು. ಮನೆಗೆಲಸದ ಹೆಂಗಸು ಮಾಮಾ ತತಾಬಾ ಮಣ್ಣನ್ನು ಏರಿಸಿ ದಿಬ್ಬ ಮಾಡಿ ನೆಡು ಎನ್ನುತ್ತಾಳೆ. ಅವನು ಅದನ್ನೆಲ್ಲ ಸಮ ಮಾಡುತ್ತಾನೆ, ಜಾರ್ಜಿಯಾದಲ್ಲಿ ಹಾಗೇ ತಾನೇ. ಮಳೆ ಹೊಡೆಯುತ್ತದೆ, ಬೀಜವೆಲ್ಲ ಕೊಚ್ಚಿಹೋಗುತ್ತದೆ. ಎರಡನೇ ಸಲ ಸುಮ್ಮನೆ ದಿಬ್ಬ ಮಾಡುತ್ತಾನೆ. ಗಿಡ ಹುಲುಸಾಗಿ ಬರುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಇಲ್ಲ. ಅಲ್ಲಿನ ಹುಳಗಳಿಗೆ ಆ ಹೂವಿನ ಪರಿಚಯವೇ ಇಲ್ಲ!

ಕಾಫಿ ಹೂ ಅರಳಿಸುವ ಹೂಮಳೆಗೆ ಕಾದು ಕೂರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೂವು ನೋಡಿ ಬೆಳೆ ಲೆಕ್ಕ ಹಾಕುವವನು ಎಂಥವನು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ನೇಥನ್ ಆತ್ಮಗಳ ಲೆಕ್ಕವನ್ನೂ ಹೀಗೆಯೇ ಹಾಕುತ್ತಾನೆ. ಮಕ್ಕಳನ್ನು ಹೊಳೆಯಲ್ಲಿ ಮುಳುಗಿಸಿ ದೀಕ್ಷೆ ಕೊಡಬೇಕು ಎಂದು ಹಟ ಹಿಡಿಯುತ್ತಾನೆ. ಆ ಹೊಳೆಯಲ್ಲಿ ಮೊಸಳೆ ಇದೆ. ಹಿಂದೆ ಒಂದು ಮಗುವನ್ನು ಎಳೆದೊಯ್ದದ್ದಕ್ಕೇ ತಾಯಂದಿರು ಒಪ್ಪುತ್ತಿಲ್ಲ ಎಂಬುದು ಅವನಿಗೆ ತಿಳಿಯುವಷ್ಟರಲ್ಲಿ ಕಾಲ ಮೀರಿದೆ. ಅವನು ಎರಡನೇ ಮಹಾಯುದ್ಧದ ಸೈನಿಕ. ಫಿಲಿಪೈನ್ಸ್‌ನಲ್ಲಿ ಜೊತೆಯವರೆಲ್ಲ ಬಟಾನ್‌ನ ಸಾವಿನ ನಡಿಗೆಯಲ್ಲಿ (ಜಪಾನಿನ ಸೇನೆ ಯುದ್ಧ ಕೈದಿಗಳನ್ನು ಸಾಯುವವರೆಗೆ ನಡೆಸಿದ್ದು) ಹೋದರು, ಇವನೊಬ್ಬ ಉಳಿದ. ಮತ್ತೆ ಎಲ್ಲಿಂದಲೂ ಓಡಿಹೋಗಬಾರದು ಎಂಬ ಅವನ ಹಟ ಅಲ್ಲಿಂದ ಬಂದದ್ದು. ಮಾಜಿ ಸೈನಿಕರಿರುವ ಮನೆಗಳಲ್ಲಿ ಈ ಪಾತ್ರ ಬೇರೆಯೇ ರೀತಿ ಓದಿಸಿಕೊಳ್ಳಬಹುದು. ಅಂದಹಾಗೆ, ವಿಶ್ವಸಂಸ್ಥೆಯ ಪರವಾಗಿ ನಮ್ಮ ದೇಶದ ಒಂದು ಬ್ರಿಗೇಡ್ ಕೂಡ 1961ರಲ್ಲಿ ಇದೇ ಕಾಂಗೋಗೆ ಹೋಗಿತ್ತು.

ಇಲ್ಲಿ ಕತೆ ಹೇಳುವವರು ತಾಯಿ ಮತ್ತು ನಾಲ್ಕು ಮಕ್ಕಳು. ಪಾದ್ರಿಗೆ ಒಂದು ಅಧ್ಯಾಯವೂ ಸಿಗುವುದಿಲ್ಲ. ಇದು ಬಹಳ ಒಳ್ಳೆಯ ನಿರ್ಧಾರ. ಆದರೆ ಐವರೂ ಅಮೆರಿಕದವರೇ, ಹಳ್ಳಿಯವರಲ್ಲಿ ಯಾರೂ ನಮ್ಮೊಡನೆ ನೇರವಾಗಿ ಮಾತಾಡುವುದಿಲ್ಲ. ಸುಮಾರು ಐನೂರೈವತ್ತು ಪುಟ. ಕೊನೆಯ ಭಾಗ ಎಳೆದಾಡುತ್ತದೆ, ಕೆಲವು ಕಡೆ ಪಾಠ ಮಾಡುತ್ತದೆ. ಇಂಗ್ಲಿಷ್ ಕಷ್ಟವಿಲ್ಲ, ಆದರೆ ಅಡಾ ಎಂಬ ಮಗಳು ಮಾತನ್ನು ಹಿಂದುಮುಂದು ಮಾಡಿ ಆಡುವ ಪುಟಗಳಲ್ಲಿ ನಿಧಾನವಾಗಬೇಕಾಗುತ್ತದೆ. ಮಳೆಗಾಲಕ್ಕೆ ಇಟ್ಟುಕೊಳ್ಳಿ.

ದಿ ಸಿಂಪಥೈಸರ್

ಗ್ರೀನ್ ಓದಿ ಫುವಾಂಗ್ ಏನು ಯೋಚಿಸುತ್ತಿದ್ದಳು ಎಂದು ತಲೆ ಕೆಡಿಸಿಕೊಂಡವರು ಇದನ್ನು ಓದಬೇಕು. ವಿಯೆಟ್ ಥಾನ್ ನುಯೆನ್ ವಿಯೆಟ್ನಾಂನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದವರು. 2015ರಲ್ಲಿ ಬಂದ ಈ ಕಾದಂಬರಿಗೆ ಮರುವರ್ಷ ಪುಲಿಟ್ಜರ್ ಬಂತು. ಹೇಳುವವನು ದಕ್ಷಿಣ ವಿಯೆಟ್ನಾಂ ಸೈನ್ಯದ ಕ್ಯಾಪ್ಟನ್, ಒಳಗೊಳಗೇ ಕಮ್ಯುನಿಸ್ಟರ ಗೂಢಚಾರ. ತಂದೆ ಫ್ರೆಂಚ್ ಪಾದ್ರಿ, ತಾಯಿ ವಿಯೆಟ್ನಾಂ ಹೆಂಗಸು. 1975ರ ಏಪ್ರಿಲ್‌ನಲ್ಲಿ ಸೈಗಾನ್ ಬೀಳುವಾಗ ಶುರುವಾಗಿ ಲಾಸ್ ಏಂಜಲೀಸ್‌ಗೆ ಹೋಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ನಡುವಿನ ಸಿನಿಮಾ ಭಾಗ. ಹಾಲಿವುಡ್ ನಿರ್ದೇಶಕನೊಬ್ಬ ಫಿಲಿಪೈನ್ಸ್‌ನಲ್ಲಿ ವಿಯೆಟ್ನಾಂ ಯುದ್ಧದ ಸಿನಿಮಾ ತೆಗೆಯುತ್ತಿದ್ದಾನೆ. ಅಲ್ಲಿನ ಜನರ ನೋವನ್ನು ಜಗತ್ತಿಗೆ ತೋರಿಸುತ್ತೇನೆ ಎಂದು ನಂಬಿದ್ದಾನೆ. ಚಿತ್ರಕತೆಯಲ್ಲಿ ವಿಯೆಟ್ನಾಮಿನವರಿಗೆ ಮಾತೇ ಇಲ್ಲ, ಕಿರುಚಾಟ ಇದೆ. ಹೊಟ್ಟೆ ಹಿಡಿದು ನಗುತ್ತೇವೆ, ಆಮೇಲೆ ನಗು ನಿಂತುಹೋಗುತ್ತದೆ. ಹೊರಗಿನವರನ್ನು ಬೈದು ನಿಲ್ಲುವ ಪುಸ್ತಕವೂ ಅಲ್ಲ ಇದು. ಕೊನೆಗೆ ಬರುವ ಕಮ್ಯುನಿಸ್ಟರ ಮರುಶಿಕ್ಷಣ ಕ್ಯಾಂಪಿನಲ್ಲಿ ತಮ್ಮವರೇ ತಮ್ಮವರಿಗೆ ಒಳ್ಳೆಯದು ಮಾಡಲು ಹೊರಟರೆ ಏನಾಗುತ್ತದೆ ಎಂಬುದಿದೆ. ಅಲ್ಲಿನ ಚಿತ್ರಹಿಂಸೆಯ ಪುಟಗಳು ಎಲ್ಲರಿಗೂ ಆಗುವುದಿಲ್ಲ. ಉದ್ದುದ್ದ ವಾಕ್ಯ, ಸಂಭಾಷಣೆಗೆ ಉದ್ಧರಣ ಚಿಹ್ನೆ ಇಲ್ಲ. ಐದರಲ್ಲಿ ಇಂಗ್ಲಿಷ್ ಕಷ್ಟವಿರುವುದು ಇದರಲ್ಲೇ.

ಅನಿಲ್ಸ್ ಗೋಸ್ಟ್

ಇದನ್ನು ಪಟ್ಟಿಗೆ ಸೇರಿಸಿದಾಗ ಒಬ್ಬರು ಕೇಳಿದರು, ಇದರಲ್ಲಿ ಪರದೇಶದವರು ಎಲ್ಲಿದ್ದಾರೆ ಅಂತ. ಪ್ರಶ್ನೆ ಸರಿಯೇ. ಮೈಕಲ್ ಒಂಡಾಟ್ಜೆ ಕೊಲಂಬೊದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಇಂಗ್ಲೆಂಡಿಗೆ ಹೋಗಿ, ಆಮೇಲೆ ಕೆನಡಾದಲ್ಲಿ ನೆಲೆಸಿದವರು. 2000ದಲ್ಲಿ ಬಂದ ಈ ಕಾದಂಬರಿಯ ಅನಿಲ್ ಒಬ್ಬ ಹೆಣ್ಣುಮಗಳು. ಮೂಳೆ ನೋಡಿ ಸಾವಿನ ಕಾರಣ ಹೇಳುವ ತಜ್ಞೆ. ಹದಿನೆಂಟರಲ್ಲಿ ಶ್ರೀಲಂಕಾ ಬಿಟ್ಟವಳು ಹದಿನೈದು ವರ್ಷದ ಮೇಲೆ ಜಿನೀವಾದ ಮಾನವ ಹಕ್ಕು ಸಂಸ್ಥೆಯ ಕಡೆಯಿಂದ ವಾಪಸು ಬರುತ್ತಾಳೆ. ಉತ್ತರದಲ್ಲಿ ತಮಿಳು ಪ್ರತ್ಯೇಕತಾವಾದಿಗಳು, ದಕ್ಷಿಣದಲ್ಲಿ ಬಂಡುಕೋರರು, ಎರಡರ ಮೇಲೂ ಸರ್ಕಾರದ ದಾಳಿ. ಜನ ಕಾಣೆಯಾಗುತ್ತಿದ್ದಾರೆ.

ಸರ್ಕಾರದ ಕಾವಲಿರುವ ಜಾಗದಲ್ಲಿ ಅನಿಲ್‌ಗೆ ಇತ್ತೀಚಿನ ಅಸ್ಥಿಪಂಜರವೊಂದು ಸಿಗುತ್ತದೆ. ಕೊಂದವರು ಯಾರು ಎಂಬುದಕ್ಕೆ ಸಾಕ್ಷಿ. ಅದನ್ನು ಹೊರಗೆ ತಂದರೆ ನ್ಯಾಯ ಸಿಗುತ್ತದೆ ಎಂದು ಅವಳ ನಂಬಿಕೆ. ಜೊತೆಗಿರುವ ಪುರಾತತ್ವ ಶಾಸ್ತ್ರಜ್ಞ ಸರತ್‌ಗೆ ಆ ಊರು ಗೊತ್ತು, ಅಲ್ಲಿ ಸತ್ಯ ಹೇಳುವುದಕ್ಕೆ ಏನು ಬೆಲೆ ಎಂದೂ ಗೊತ್ತು. ಅವನು ತಡವರಿಸಿದಾಗಲೆಲ್ಲ ಅವಳಿಗೆ ಅನುಮಾನ. ಕೊನೆಗೆ ಅಧಿಕಾರಿಗಳ ಎದುರು ಅವಳು ಹೇಳಬೇಕಾದ್ದನ್ನು ಹೇಳಿಬಿಡುತ್ತಾಳೆ. ಸರತ್ ಎಲ್ಲರ ಮುಂದೆ ಅವಳನ್ನು ಅಲ್ಲಗಳೆದಂತೆ ಮಾಡಿ ಅವಳನ್ನೂ ಸಾಕ್ಷಿಯನ್ನೂ ಪಾರು ಮಾಡುತ್ತಾನೆ. ಅವಳಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇದೆ, ಹೊರಡುತ್ತಾಳೆ. ಅವನ ಹೆಣ ಅವನ ತಮ್ಮ ಕೆಲಸ ಮಾಡುವ ಆಸ್ಪತ್ರೆಗೆ ಬರುತ್ತದೆ.

ಅನಿಲ್ ತಪ್ಪು ಮಾಡಿದಳೇ? ಅವಳು ಹೇಳಿದ್ದೆಲ್ಲ ನಿಜ. ಪೈಲ್‌ನನ್ನು ಬೈದ ಹಾಗೆ ಅವಳನ್ನು ಬೈಯಲು ಆಗುವುದಿಲ್ಲ. ಅದಕ್ಕೇ ಈ ಪುಸ್ತಕ ನನ್ನನ್ನು ಜಾಸ್ತಿ ಕಾಡಿದ್ದು. ಅಲ್ಲಿನವಳೇ ಆಗಿದ್ದರೂ ಅವಳು ಹೊರಗಿನವಳು. ಏಟು ಬೀಳುವಾಗ ವಿಮಾನ ಹತ್ತಬಲ್ಲವರೆಲ್ಲ ಹೊರಗಿನವರೇ.

ಕೊಡಗಿನಲ್ಲಿ ಕೂತು ಓದಲು ಇನ್ನೊಂದು ಕಾರಣ ಇದೆ. ಬೇರೆಯವರ ಜಗಳದ ನಡುವೆ ಹೋಗಿ ನಿಲ್ಲುವ ಕೆಲಸ ಈ ಜಿಲ್ಲೆಗೆ ಹೊಸದಲ್ಲ. ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ, ತಮ್ಮ ದೇಶಕ್ಕೆ ವಾಪಸು ಹೋಗಲು ಒಪ್ಪದ ಯುದ್ಧ ಕೈದಿಗಳ ವಿಷಯ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಜನರಲ್ ತಿಮ್ಮಯ್ಯನವರು. 1965ರಲ್ಲಿ ಅವರು ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗ. ಮಡಿಕೇರಿಯ ಸನ್ನಿಸೈಡ್‌ಗೆ, ಅವರ ಮನೆಯಾಗಿದ್ದ ಮ್ಯೂಸಿಯಂಗೆ, ಹೋದರೆ ಈ ಕತೆಯೆಲ್ಲ ಸಿಗುತ್ತದೆ. ಹೆಮ್ಮೆಪಡುವಂಥದ್ದೇ.

ಶ್ರೀಲಂಕಾ ಬೇರೆ. 1987ರ ಜೂನ್ 4ರಂದು ನಮ್ಮ ವಿಮಾನಗಳು ಜಾಫ್ನಾದ ಜನಕ್ಕೆ ಆಹಾರ ಹಾಕಿ ಬಂದವು. ಜುಲೈ ಕೊನೆಗೆ ಒಪ್ಪಂದವಾಗಿ ಶಾಂತಿಪಾಲನಾ ಪಡೆ ಹೋಯಿತು. ಅಕ್ಟೋಬರ್‌ನಲ್ಲಿ ಅದೇ ಜಾಫ್ನಾದ ಬೀದಿಗಳಲ್ಲಿ ನಮ್ಮ ಪಡೆಗೂ ತಮಿಳು ಪ್ರತ್ಯೇಕತಾವಾದಿಗಳಿಗೂ ಯುದ್ಧ. ಅಲ್ಲಿನ ಆಸ್ಪತ್ರೆಯೊಳಗೆ ಡಾಕ್ಟರು, ನರ್ಸುಗಳು, ರೋಗಿಗಳು ಸತ್ತರು. ಗುಂಡಿನ ಚಕಮಕಿಗೆ ಸಿಕ್ಕರು ಎನ್ನುತ್ತದೆ ಸೇನೆ, ಕೊಂದರು ಎನ್ನುತ್ತಾರೆ ಬದುಕುಳಿದವರು. 1990ರ ಮಾರ್ಚ್‌ನಲ್ಲಿ ಪಡೆ ವಾಪಸಾಗುವಷ್ಟರಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತಿದ್ದರು. ಹೋದವರಲ್ಲಿ ಯಾರೂ ಕೇಡು ಬಯಸಿ ಹೋದವರಲ್ಲ. ಒಂಡಾಟ್ಜೆ ಈ ಕತೆ ಹೇಳುವುದಿಲ್ಲ, ಅವರ ಗಮನ ಕಾಣೆಯಾದವರ ಮೇಲಿದೆ. ಆದರೆ ಅದೇ ದೇಶ, ಹೆಚ್ಚುಕಮ್ಮಿ ಅದೇ ವರ್ಷಗಳು. ಇದನ್ನು ಓದುವಾಗ ಪರದೇಶದವರು ಅಂದರೆ ಬಿಳಿಯರು ಎಂದುಕೊಂಡು ಆರಾಮಾಗಿ ಕೂರಲು ಆಗುವುದಿಲ್ಲ. ಗುಂಪಿನಲ್ಲಿ ಚರ್ಚೆ ಕಾವೇರುತ್ತದೆ, ಏರಲಿ.

ಸುಮಾರು ಮುನ್ನೂರು ಪುಟ. ಕತೆ ನೇರವಾಗಿ ಹೋಗುವುದಿಲ್ಲ, ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ರಾಜಕೀಯವನ್ನು ವಿವರಿಸುವ ತಾಳ್ಮೆ ಲೇಖಕರಿಗಿಲ್ಲ, ಆ ಕಾಲದ ಶ್ರೀಲಂಕಾದ ಬಗ್ಗೆ ಎರಡು ಪುಟ ಓದಿಕೊಂಡು ಶುರುಮಾಡಿದರೆ ಒಳ್ಳೆಯದು.

ಕನ್ನಡದಲ್ಲೇ ಬೇಕು ಎನ್ನುವವರಿಗೆ

ಮಾಸ್ತಿಯವರ 'ಚಿಕವೀರ ರಾಜೇಂದ್ರ' ತೆಗೆದುಕೊಳ್ಳಿ. ಈ ಐದರ ಸಾಲಿಗೆ ಸರಿಯಾಗಿ ಕೂರುವುದಿಲ್ಲ, ಅಲ್ಲಿನ ಇಂಗ್ಲಿಷರನ್ನು ಹಿತಚಿಂತಕರು ಎನ್ನಲು ಬಾಯಿ ಬರುವುದಿಲ್ಲ. ಆದರೆ 1834ರಲ್ಲಿ ಕೊಡಗನ್ನು ತೆಗೆದುಕೊಂಡಾಗ ಕಂಪನಿಯವರು ಹೊರಡಿಸಿದ ಘೋಷಣೆ ಹೇಳಿದ್ದೇನು? ಇಲ್ಲಿನ ಜನ ಒಮ್ಮತದಿಂದ ಬಯಸಿದ್ದಾರೆ, ಆದ್ದರಿಂದ ನಾವು ಬಂದಿದ್ದೇವೆ ಎಂದು. ಪೈಲ್ ಕೂಡ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. ರಾಜನ ದುರಾಡಳಿತವೂ ಸುಳ್ಳಲ್ಲ ಎಂಬುದನ್ನು ಮಾಸ್ತಿ ಮುಚ್ಚಿಡುವುದಿಲ್ಲ. ಒಳಗಿನ ಹುಳುಕು, ಹೊರಗಿನವರ ಉಪಕಾರ ಎರಡೂ ಹೇಗೆ ಕೈ ಹಿಡಿದು ಬರುತ್ತವೆ ಎಂದು ತೋರಿಸುವುದರಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ.

ಹಾಗಾದರೆ ಯಾವುದು?

ಇಂಥ ಕಾದಂಬರಿ ಒಂದನ್ನೂ ಓದಿಲ್ಲದವರು, ಒಂಟಿಯಾಗಿ ಓದುವವರು ಗ್ರೀನ್‌ನಿಂದ ಶುರುಮಾಡಿ. ಅದರ ಹಿಂದೆಯೇ 'ಸಿಂಪಥೈಸರ್' ಎತ್ತಿಕೊಳ್ಳಿ, ನಡುವೆ ಬಹಳ ದಿನ ಬಿಡಬೇಡಿ. ಕಾಲೇಜು ಮಕ್ಕಳಿಗೆ, ದೊಡ್ಡ ಕತೆಯಲ್ಲಿ ಮುಳುಗುವ ಆಸೆಯಿರುವವರಿಗೆ ಕಿಂಗ್‌ಸಾಲ್ವರ್. ಗುಂಪಿನಲ್ಲಿ ಕೂತು ವಾದ ಮಾಡಬೇಕಾದರೆ 'ಅನಿಲ್ಸ್ ಗೋಸ್ಟ್', ಅದರಲ್ಲೂ ಸೇನೆಯಲ್ಲಿದ್ದವರು ಗುಂಪಿನಲ್ಲಿದ್ದರೆ.

ನಮ್ಮ ಗುಂಪಿಗೆ ನಾನು ಹೇಳಿದ್ದೂ ಅದನ್ನೇ. ಜುಲೈಗೆ ಒಂಡಾಟ್ಜೆ, ಕೊಯ್ಲಿನ ತಿಂಗಳಿಗೆ ಚಿಕ್ಕದಾದ ಗ್ರೀನ್. 'ಅಗ್ಲಿ ಅಮೆರಿಕನ್' ಬೇಕಾದವರು ನನ್ನ ಪ್ರತಿಯನ್ನೇ ತೆಗೆದುಕೊಂಡು ಹೋಗಿ. ವಾಪಸು ಕೊಡದಿದ್ದರೂ ಬೇಜಾರಿಲ್ಲ.